ಹಗ್ಗ ಕಟ್ಟಿದ ಮಣೆಗಳು

ಆ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ನಾವು ಐದು ಮಂದಿ ಇದ್ದೆವು. ನಾನು, ನನ್ನ ಹೆಂಡತಿ ಶಮೀಮ್, ಆಗಿನ್ನೂ ಹೈಸ್ಕೂಲಿನಲ್ಲಿದ್ದ ಮಗಳು ಆಫ್ರೀನ್, ಸಿಂಗಾಪುರದಿಂದ ಉತ್ತರಕ್ಕಿರುವ ಕ್ಲಾಂಗ್ ಬಂದರಿನ ಸರಕು ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಸಲೀಮ, ಮತ್ತೆ ಆಪಾ. ಕ್ಯಾಮರೂನ್ ಬೆಟ್ಟಗಳ ಮೇಲೆ ಚಹಾ ತೋಟಗಳನ್ನು ದಾಟಿ ಒಳಗೆ ಹೋದರೆ ಸಿಗುವ ನೀರು ಅದು. ನಾವು ಕೆರೆ ಅನ್ನುತ್ತಿದ್ದೆವು, ಆದರೆ ಕರೆಂಟಿಗೆಂದು ಹೊಳೆಗೆ ಅಡ್ಡ ಕಟ್ಟಿ ನಿಲ್ಲಿಸಿದ ನೀರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕೈಚಾಚಿದರೆ ಬೆರಳ ತುದಿ ಮಸುಕಾಗುತ್ತಿತ್ತು. ಶಮೀಮ್ ಕಾರಿನ ಡಿಕ್ಕಿ ತೆರೆದು, ದಾರಿಯ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ತಪಾವ್ ಹೇಳಿ ಕಟ್ಟಿಸಿಕೊಂಡಿದ್ದ ರೋಟಿ ಚನಾಯ್ ಪೊಟ್ಟಣಗಳನ್ನು ಬಿಚ್ಚುತ್ತಿದ್ದಳು. ಸಲೀಮ ಎರೆಹುಳುಗಳ ಮೇಲೆ ಹಸಿ ಮಣ್ಣು ಉದುರಿಸುತ್ತಿದ್ದ. ಆಫ್ರೀನ್ ಆಗಲೇ ನೀರಿನ ನಡುವಿನ ತನ್ನ ಮಣೆಗೆ ಹೋಗಿ ಕೂತಿದ್ದಳು. ಆಪಾ ಮಾತ್ರ ಮರದಿಂದ ಮರಕ್ಕೆ ನಡೆಯುತ್ತ, ಮರಕ್ಕೆ ಕಟ್ಟಿದ ಹಗ್ಗಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ನಾಡಿ ಹಿಡಿದು ನೋಡುವ ಹಾಗೆ, ಎರಡೇ ಬೆರಳಲ್ಲಿ.

ಅವರು ಈಗ ಇಲ್ಲ. ತೀರಿಕೊಂಡ ಮೇಲೆ ಮೆಲಾಕಾದ ಮೆಡಿಕಲ್ ಕಾಲೇಜಿನವರು ಸೇರಿ ನಾಲ್ಕು ಮಾತಾಡಿದರು. ಎಷ್ಟೋ ವರ್ಷ ಫಿಸಿಯಾಲಜಿ ಪಾಠ ಹೇಳಿದವರು, ಶಿಸ್ತಿನವರು, ಪರದೇಶದಲ್ಲಿ ಒಂಟಿಯಾಗಿ ಬದುಕಿದ ಧೈರ್ಯಸ್ಥೆ ಎಂದೆಲ್ಲ ಹೇಳಿದರು. ಧೈರ್ಯ ಎಂಬ ಮಾತು ಬಂದಾಗ ಸಲೀಮ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನಾವು ಕಂಡ ಆಪಾ ಈ ಲೋಕದ ಸಕಲಕ್ಕೂ ಹೆದರುತ್ತಿದ್ದ ಹೆಂಗಸು. ಲಿಫ್ಟಿಗೆ ಹತ್ತುವ ಮುಂಚೆ ಒಂದು ಪಾದ ಒಳಗಿಟ್ಟು ನೆಲ ಒತ್ತಿ ನೋಡುತ್ತಿದ್ದರು. ಮಾಮಕ್ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ, ತಲೆಕೆಳಗು ಮಾಡಿ, ಕಾಲುಗಳ ಬುಡದಲ್ಲಿ ಬಿರುಕಿದೆಯೇ ಎಂದು ನೋಡದೆ ಕೂತವರಲ್ಲ. ಯಾರ ಮನೆಗೆ ಹೋದರೂ ಸಲಾಂ ಹೇಳಿದ ಮೇಲಿನ ಮೊದಲ ಪ್ರಶ್ನೆ, "ಹಿಂದಿನ ಬಾಗಿಲು ಯಾವ ಕಡೆ?" ಎಂಬುದು. ನಮ್ಮ ಮನೆಗೆ ಬಂದಾಗ ಅಡುಗೆಮನೆಯ ಗ್ಯಾಸಿನ ಪೈಪನ್ನು ಮೂಸಿ ನೋಡಿಯೇ ಚಹಾ ಕುಡಿದರು. ಶಮೀಮಳ ಮುಖ ಕೆಂಪಗಾಯಿತು. ಅವರು ಹೋದ ಮೇಲೆ, "ನನ್ನ ಅಡುಗೆಮನೆಯನ್ನ ಪೊಲೀಸರ ಹಾಗೆ ತಪಾಸಣೆ ಮಾಡಿದರು" ಎಂದು ಗೊಣಗಿದಳು. ವಾರ ಕಳೆದ ಮೇಲೆ ಅವಳೇ ಹೋಗಿ ಹೊಸ ಪೈಪು ತಂದು ಹಾಕಿಸಿದಳು.

ನಮಗೆ ಅವರ ಪರಿಚಯವಾದದ್ದು ಸುಬಾಂಗ್ ಜಯಾದಲ್ಲಿ, ಒಂದು ಈದ್ ಊಟದ ದಿನ. ಅಲ್ಲಿ ನೆರೆದವರಲ್ಲಿ ಭಟ್ಕಳದವರು, ಹುಬ್ಬಳ್ಳಿಯವರು, ಬೆಂಗಳೂರಿನವರು ಎಲ್ಲ ಇದ್ದರು. ಮನೆಯೊಳಗೆ ನಾವು ಆಡುವುದು ದಖ್ಖನಿಯೋ ಇನ್ನೊಂದೋ ಆದರೂ, ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ತಟ್ಟೆ ಹಿಡಿದುಕೊಂಡು ಆ ಕಡೆ ಸರಿಯುತ್ತೇವೆ. ಹಾಗೆ ಸರಿದ ನನ್ನನ್ನು ಸಣ್ಣ ಆಳಿನ, ದಪ್ಪ ಕನ್ನಡಕದ, ನಡುವಯಸ್ಸು ದಾಟಿದ ಹೆಂಗಸೊಬ್ಬರು ತಡೆದರು.

"ಬಂದರಲ್ಲಿ ಕೆಲಸ ಅಂತಲ್ಲಪ್ಪ ನಿಂಗೆ? ಮುರಿದ ಪ್ಯಾಲೆಟ್‌ಗಳನ್ನ ಏನ್ ಮಾಡ್ತೀರಿ?"

ಪ್ಯಾಲೆಟ್ ಅಂದರೆ ಕಂಟೇನರಿನಲ್ಲಿ ಪೆಟ್ಟಿಗೆಗಳ ಅಡಿಗೆ ಇಡುವ ಮರದ ಚೌಕಟ್ಟು. ಒಂದು ಪಟ್ಟಿ ಸೀಳಿದರೆ ಮೂಲೆಗೆ ಎಸೆಯುತ್ತೇವೆ. ಹಾಗಂತ ಹೇಳಿದೆ.

"ಎಸೀಬೇಡ. ನಂಗೆ ಬೇಕು."

ಹೆಸರು, ಊರು, ಮಕ್ಕಳೆಷ್ಟು ಎಂಬುದೆಲ್ಲ ಆಮೇಲಿನ ಮಾತು. ಊರು ಗುಂಡ್ಲುಪೇಟೆ. ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು, ನಾವೂ ಕರೆದೆವು.

ಆ ಪ್ಯಾಲೆಟ್‌ಗಳಿಂದ ಅವರು ಮಣೆ ಕಟ್ಟುತ್ತಿದ್ದರು. ಮಣೆ ಎಂಬುದು ಅವರದೇ ಮಾತು, ಅವರ ಅಪ್ಪನಿಂದ ಬಂದದ್ದು. ದಡದಲ್ಲಿ ಕೂತು ಮೀನು ಹಿಡಿಯುವವರಿಗೆಂದು, ಹಿಂದಿನ ಎರಡು ಕಾಲು ನೆಲದ ಕಡೆಗೂ ಮುಂದಿನ ಎರಡು ಕಾಲು ನೀರಿನ ಕಡೆಗೂ ಬರುವಂತೆ ನಿಲ್ಲಿಸುವ ಪೀಠ. ನೋಡಲಿಕ್ಕೆ ಏನೂ ಚಂದವಿಲ್ಲ. ಮೆಲಾಕಾದ ಅವರ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಕಾರು ಬಿಸಿಲಲ್ಲಿ ನಿಲ್ಲುತ್ತಿತ್ತು, ನೆರಳಲ್ಲಿ ಮಣೆಗಳಿರುತ್ತಿದ್ದವು. ಕೆಸರಲ್ಲಿ ಹೂತುಹೋಗಬಾರದೆಂದು ಪ್ರತಿ ಕಾಲಿನ ಅಡಿಗೆ ಬಾತುಕೋಳಿಯ ಪಾದದಂಥ ಅಗಲ ಹಲಗೆ. ಕೂರುವವನ ಕಾಲು ಜಾರಬಾರದೆಂದು ಹಳೆಯ ರಬ್ಬರ್ ಚಪ್ಪಲಿಯ ಅಟ್ಟೆಗಳನ್ನು ಕತ್ತರಿಸಿ ಹೊಡೆದ ಮೆಟ್ಟು. ಮುಂದಿನ ಅಂಚಿನಲ್ಲಿ ಹಿಮ್ಮಡಿಗೆ ತಡೆಯಾಗಿ ಒಂದು ಪಟ್ಟಿ. ಮುಂದಿನ ಕಾಲುಗಳನ್ನು ಅವರು ಬೇಕೆಂದೇ ತುಸು ಉದ್ದ ಬಿಡುತ್ತಿದ್ದರು, ಕೂತವನು ಯಾವಾಗಲೂ ದಡದ ಕಡೆಗೆ ಒರಗಿದಂತೆ ಇರಬೇಕು.

"ನಿದ್ದೆ ಬಂದು ಬಿದ್ದರೂ ಹಿಂದಕ್ಕೇ ಬೀಳಬೇಕು ನೋಡು. ಮುಂದಕ್ಕೆ ಬಿದ್ದರೆ ನಾನು ಯಾರನ್ನ ಕೇಳಲಿ?"

ಕಟ್ಟಿ ಮುಗಿದ ಮಣೆಯ ಮೇಲೆ ಮರಳು ತುಂಬಿದ ಅಕ್ಕಿ ಚೀಲಗಳನ್ನು ಪೇರಿಸಿ, ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದು, ಎದುರಿಗೆ ಕೂತು ಕುಡಿಯುತ್ತಿದ್ದರು. ಕಣ್ಣು ಮಣೆಯ ಮೇಲೆ. ಎಲ್ಲಿಂದಲಾದರೂ ಕಿರ್ ಎಂದು ಸಣ್ಣ ಸದ್ದು ಬಂದರೆ ಲೋಟ ಕೆಳಗಿಟ್ಟು ಇಡೀ ಮಣೆಯನ್ನು ಬಿಚ್ಚುತ್ತಿದ್ದರು. ಸಲೀಮನಿಗೆಂದು ಕಟ್ಟಿದ್ದಕ್ಕೆ ಐದನೆಯ ಕಾಲೊಂದನ್ನು ನಡುವೆ ಕೊಟ್ಟಿದ್ದರು. ಸಲೀಮ ವಿಜಯಪುರದವನು, ಆಳು ದೊಡ್ಡವನು.

"ಏನ್ರೀ ಆಪಾ, ಎಲ್ಲಾರಿಗೂ ನಾಕು ಕಾಲು, ನನಗಷ್ಟ ಐದು? ನಾ ಏನು ಆನಿ ಏನ್ರೀ?"

"ಆನೆ ಆಗಿದ್ರೆ ನಾಲ್ಕು ಸಾಕಾಗ್ತಿತ್ತು. ಆನೆ ಒಂದು ಕಡೆ ಸುಮ್ನೆ ನಿಲ್ಲುತ್ತೆ. ನೀನು ಅಲ್ಲಾಡ್ತಾ ಇರ್ತೀಯ."

ಅವರ ಅಪ್ಪ ನೀಲಗಿರಿಯ ಮೇಲೆ ಒಂದು ಕೆರೆಯಲ್ಲಿ ಕಾವಲುಗಾರ. ಬ್ರಿಟಿಷರು ತಮ್ಮ ಊರಿನಿಂದ ತಂದು ಬಿಟ್ಟ ಟ್ರೌಟ್ ಮೀನು ಆ ತಣ್ಣನೆಯ ನೀರಿನಲ್ಲಿ ಉಳಿದುಕೊಂಡಿತ್ತು. ಹಿಡಿಯಲಿಕ್ಕೆ ಬರುವ ತೋಟದ ಸಾಹೇಬರಿಗೆ ಅಪ್ಪ ದಡದಲ್ಲಿ ಮಣೆ ಹಾಕಿಕೊಡುತ್ತಿದ್ದ. ರಜೆಯಲ್ಲಿ ಆಪಾ ಅಲ್ಲಿಗೆ ಹೋಗಿ, ಮೊಳೆ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದರಂತೆ. ಟ್ರೌಟಿನ ಮೈಮೇಲಿನ ಚುಕ್ಕೆಗಳ ಬಗ್ಗೆ ಹೇಳುವಾಗ ಮಾತ್ರ ಅವರ ಮುಖದಲ್ಲಿ ಹೆದರಿಕೆ ಇರುತ್ತಿರಲಿಲ್ಲ. ಕ್ಯಾಮರೂನಿನ ಈ ಕೆರೆಗೂ ಹಿಂದೆ ಯಾರೋ ಟ್ರೌಟ್ ಮರಿ ಬಿಟ್ಟಿದ್ದರು ಎಂದು ಯಾರಿಂದಲೋ ಕೇಳಿದ್ದರು. ನಂಬಿದ್ದರು. ನಮಗೆ ಸಿಕ್ಕಿದ್ದೆಲ್ಲ ಟಿಲಾಪಿಯಾ, ಮತ್ತೆ ಒಂದೆರಡು ಗೆಂಡೆ.

"ಆಪಾ, ನಿಮ್ಮ ಟ್ರೌಟಿಗೆ ವೀಸಾ ಸಿಕ್ಕಿಲ್ಲಂತ್ರೀ. ಸಿಂಗಾಪುರದಾಗ ಹಿಡದ ಕುಂದರಿಸ್ಯಾರಂತ" ಎನ್ನುತ್ತಿದ್ದ ಸಲೀಮ.

"ನಗು, ನಗು. ಬಂದ ದಿನ ನಿಂಗೆ ಒಂದು ಮುಳ್ಳೂ ಕೊಡಲ್ಲ."

ಇಷ್ಟು ಹೆದರಿಕೆ ಇಟ್ಟುಕೊಂಡು, ಈಜೂ ಬಾರದೆ, ನೀರಿನ ಹತ್ತಿರ ಯಾಕೆ ಹೋಗುತ್ತೀರಿ ಎಂದು ಶಮೀಮ್ ಒಮ್ಮೆ ಕೇಳಿಯೇಬಿಟ್ಟಳು. ಆಪಾ, "ದೂರ ಇದ್ರೆ ಅದು ಏನ್ ಮಾಡ್ತಿದೆ ಅಂತ ಗೊತ್ತಾಗಲ್ವಲ್ಲಮ್ಮ" ಎಂದರು. 

ಇನ್ನು ಹಗ್ಗದ ವಿಷಯ. ಪ್ರತಿ ಮಣೆಯ ಬೆನ್ನಿನಿಂದ ಒಂದು ನೀಲಿ ನೈಲಾನ್ ಹಗ್ಗ ಹೊರಟು ದಡದ ಮರವೊಂದಕ್ಕೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿತ್ತು. ಮರದ ತುದಿಯಲ್ಲಿ, ಹಗ್ಗಕ್ಕೆ ಜೋತುಬಿದ್ದು, ಒಳಗೆ ಬೆಣಚುಕಲ್ಲು ಹಾಕಿದ, ಮೈಲೋ ಪುಡಿ ಮುಗಿದ ತಗಡಿನ ಡಬ್ಬಿ. ಮಣೆಯ ಮೇಲೆ ಕೂತವರು ಹಗ್ಗ ಜಗ್ಗಿದರೆ ಡಬ್ಬಿ ಗಲಗಲ ಎನ್ನಬೇಕು. ಅದಲ್ಲದೆ ಆಗಾಗ್ಗೆ ಆಪಾ ದಡದಲ್ಲಿ ನಿಂತು, "ಇದ್ದೀರಾ?" ಎಂದು ಕೂಗುತ್ತಿದ್ದರು. ಒಬ್ಬೊಬ್ಬರಾಗಿ "ಇದ್ದೀನಿ" ಎನ್ನಬೇಕು. ಸಲೀಮ "ಇನ್ನೂ ಇದ್ದೀನ್ರೀ" ಎನ್ನುತ್ತಿದ್ದ. ನಮ್ಮ ಆಫ್ರೀನ್ ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿಯವರ ಧಾಟಿಯಲ್ಲಿ "ಹಿಯರ್, ಲಾ" ಎನ್ನುತ್ತಿದ್ದಳು.

"ಕೂಗಿದ್ರೆ ಸಾಲ್ದೇನ್ರೀ ಆಪಾ? ಈ ಡಬ್ಬಿ ಯಾಕ? ನಮ್ಮೂರಾಗ ಎಮ್ಮಿ ಕೊಳ್ಳಾಗ ಕಟ್ಟತಾರ ಇದನ್ನ" ಎಂದ ಸಲೀಮ, ಮೊದಲ ಸಲ ಕಂಡಾಗ.

ಆಗ ಆಪಾ ಒಂದು ಸಂಗತಿ ಹೇಳಿದರು. ಒಮ್ಮೆ ಅಪ್ಪ ಹಾಕಿದ ಮಣೆಯ ಮೇಲೆ ಕೂತಿದ್ದ ಒಬ್ಬ ಮನುಷ್ಯ, ಇಂಥದೇ ಮಂಜಿನಲ್ಲಿ, ನೀರಿಗೆ ಜಾರಿದ. ಅಪ್ಪ ಕೂಗಳತೆಯಲ್ಲೇ ಒಲೆ ಊದುತ್ತಿದ್ದ. ಏನೂ ಕೇಳಿಸಲಿಲ್ಲ. ಮಂಜು ಎದ್ದ ಮೇಲೆ ನೋಡಿದರೆ ಮಣೆ ಖಾಲಿ. ಅಪ್ಪ ಸಾಯುವ ತನಕ ಒಂದೇ ಮಾತು ಕೇಳುತ್ತಿದ್ದನಂತೆ, ಆತ ಕೂಗಲಿಲ್ಲ ಯಾಕೆ?

"ನಾನು ಡಾಕ್ಟರ್ ಓದಿದ ಮೇಲೆ ನಂಗೆ ಗೊತ್ತಾಯ್ತು" ಎಂದರು ಆಪಾ. "ತಣ್ಣೀರು ಎದೆಗೆ ತಾಕಿದ ಕೂಡಲೇ ಉಸಿರು ಒಳಗೇ ಸಿಕ್ಕಾಕೊಳ್ಳುತ್ತೆ. ಭಯಕ್ಕೂ ಹಂಗೇ. ಹೆದರಿದವರಿಗೆ ದನಿ ಬರಲ್ಲ ಕಣೋ. ಕೈ ಬರುತ್ತೆ. ಅದಕ್ಕೇ ಹಗ್ಗ. ಆದ್ರೆ ಅಷ್ಟೊತ್ತಿಗೆ ಅಪ್ಪ ಇರಲಿಲ್ಲ, ಹೇಳೋಕೆ."

ನಾವು ತಲೆಯಾಡಿಸಿದೆವು. ಆಮೇಲೆ ಮರೆತೆವು. ತೊಂದರೆ ಏನೆಂದರೆ, ಸದಾ ಹೆದರುವವರ ಹೆದರಿಕೆಗೆ ಜೊತೆಯಲ್ಲಿರುವವರು ಬೇಗ ಒಗ್ಗಿಹೋಗುತ್ತಾರೆ.

ಆ ಬೆಳಿಗ್ಗೆ ಆಫ್ರೀನ್ ಮುನಿಸಿಕೊಂಡಿದ್ದಳು. ಗೆಳತಿಯರು ಮಾಲ್‌ಗೆ ಹೋಗುವಾಗ ತನ್ನನ್ನು ಈ ಚಳಿಗೆ ಎಳೆದುಕೊಂಡು ಬಂದಿದ್ದಾರೆ ಎಂಬ ಸಿಟ್ಟು. ಎಲ್ಲರಿಂದ ದೂರ ಕೂರಬೇಕೆಂದು, ದಡದಿಂದ ತುಸು ಮುಂದೆ ನೀರಿನ ನಡುವೆ ತಲೆ ಎತ್ತಿದ್ದ ಮರಳ ದಿಬ್ಬದ ಮೇಲಿನ ಮಣೆಯೇ ಬೇಕೆಂದು ಹಟ ಹಿಡಿದಳು. ಅಲ್ಲಿಗೆ ಹೋಗುವ ದಾರಿಯಲ್ಲಿ ಆಗ ಪಾದ ಮುಳುಗುವಷ್ಟೇ ನೀರು. ಆಪಾ ಮಣೆಯನ್ನು ಅಲ್ಲಾಡಿಸಿ ನೋಡಿ, ಹಗ್ಗ ಎಳೆದು ನೋಡಿ, "ಏನೇ ಆದರೂ ಎದ್ದು ನಿಲ್ಲಬಾರದು. ಕೂತಲ್ಲಿಂದ ಹಗ್ಗ ಜಗ್ಗು, ನಾವು ಬರ್ತೀವಿ" ಎಂದು ಹೇಳಿ ಬಂದರು.

"ಓಕೆ, ಓಕೆ, ಐ ನೋ" ಎಂದಳು ಅವಳು.

ಮೊದಲ ಕೂಗಿಗೆ ಎಲ್ಲರೂ ಉತ್ತರ ಕೊಟ್ಟೆವು. ಎರಡನೆಯದಕ್ಕೂ ಕೊಟ್ಟೆವು. ಮಂಜು ಇನ್ನಷ್ಟು ಇಳಿಯಿತು. ಬೆಟ್ಟದ ಮೇಲ್ಗಡೆ ಹಿಂದಿನ ದಿನವೆಲ್ಲ ಮಳೆ ಹೊಯ್ದಿತ್ತೆಂದು ನಮಗೆ ಗೊತ್ತಿತ್ತು. ಆ ನೀರು ಸದ್ದಿಲ್ಲದೆ ಇಲ್ಲಿಗೆ ಬರುತ್ತಿದೆ ಎಂಬುದು ಗೊತ್ತಿರಲಿಲ್ಲ. ಇಂಥ ನೀರು ಹೊಳೆಯಂತೆ ಮೊರೆಯುವುದಿಲ್ಲ. ಅಲ್ಲೇ ನಿಂತಿರುವಂತೆ ಕಾಣುತ್ತ ಮೇಲೇರುತ್ತದೆ.

ಮೂರನೆಯ ಸಲ ಆಪಾ ಕೂಗಿದರು. "ಇದ್ದೀರಾ?"

"ಇದ್ದೀನಿ" ಎಂದೆ ನಾನು.

"ಇನ್ನೂ ಇದ್ದೀನ್ರೀ" ಎಂದ ಸಲೀಮ.

ಆಮೇಲೆ ಯಾರೂ ಏನೂ ಅನ್ನಲಿಲ್ಲ.

ಆಪಾ ಇನ್ನೊಮ್ಮೆ ಕೂಗಿದರು. ಮಂಜಿನೊಳಗಿಂದ ಅವರ ದನಿಯೇ ತುಸು ಬದಲಾಗಿ ಹಿಂದಿರುಗಿತು.

"ಕಿವ್ಯಾಗ ಅದನ್ನ ತುರುಕ್ಕೊಂಡು ಹಾಡು ಕೇಳಾಕತ್ತಿರತಾಳ ಬಿಡ್ರಿ" ಎಂದ ಸಲೀಮ. ನನಗೂ ಹಾಗೇ ಅನ್ನಿಸಿತು. ಡಬ್ಬಿ ಅಲುಗಾಡಿಲ್ಲವಲ್ಲ. ಏನಾದರೂ ಆಗಿದ್ದರೆ ಡಬ್ಬಿಯ ಸದ್ದು ಬರಬೇಕಿತ್ತು.

ಆಪಾ ಆಫ್ರೀನಳ ಹಗ್ಗ ಕಟ್ಟಿದ್ದ ಮರದ ಹತ್ತಿರ ಹೋದರು. ಎರಡು ಬೆರಳು ಹಗ್ಗದ ಮೇಲಿಟ್ಟರು. ನಾನೂ ಮಣೆಯಿಂದ ಎದ್ದು ಅವರ ಬೆನ್ನ ಹಿಂದೆಯೇ ಹೋದೆ. ಅವರ ಭುಜ ಒಮ್ಮೆ ಸಣ್ಣಗೆ ಕುಗ್ಗಿದ್ದು ಕಂಡಿತು.

"ಇಲ್ಲಿ ಮುಟ್ಟು" ಎಂದರು.

ಮುಟ್ಟಿದೆ. ಹಗ್ಗ ಮಿಡಿಯುತ್ತಿತ್ತು. ಜಗ್ಗಿದಂತೆ, ಬಿಟ್ಟಂತೆ, ಮತ್ತೆ ಜಗ್ಗಿದಂತೆ. ಎಷ್ಟು ಹೊತ್ತಿನಿಂದ ಹಾಗೆ ಮಿಡಿಯುತ್ತಿತ್ತೋ. ಹಗ್ಗದಲ್ಲಿ ಡಬ್ಬಿ ಇರಬೇಕಾದಲ್ಲಿ ಬರೀ ಒಂದು ಬಿಚ್ಚಿದ ಗಂಟಿತ್ತು.

ಪಕ್ಕದ ಮಣೆಯ ಮೇಲಿದ್ದ ಸಲೀಮ ತನ್ನ ಕಾಲ ಬುಡದ ಕಡೆ ನೋಡಿದ. ಆಪಾ ಹಗ್ಗಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ ಅವನು ತಂದಿದ್ದ ಹುಳುವಿನ ಪೆಟ್ಟಿಗೆಯ ಮುಚ್ಚಳ ಒಡೆದಿತ್ತು. ಕೈಗೆ ಸಿಕ್ಕ ಮರದಿಂದ ಡಬ್ಬಿ ಬಿಚ್ಚಿ, ಕಲ್ಲು ಚೆಲ್ಲಿ, ಹುಳು ತುಂಬಿಕೊಂಡಿದ್ದ. ಆ ದೊಡ್ಡ ಮನುಷ್ಯನ ಮುಖ ಬಿಳಿಚಿಕೊಂಡು ಚಿಕ್ಕ ಮಗುವಿನದರಂತೆ ಆಯಿತು. ಬಾಯಿ ತೆರೆದ. ಮಾತು ಹೊರಡಲಿಲ್ಲ. ಆಪಾ ಹೇಳಿದ್ದು ಸರಿಯಾಗಿತ್ತು.

ನಾನು ನೀರಿಗೆ ಹಾರಿದೆ. ನಾಲ್ಕು ಹೆಜ್ಜೆಗೆ ತೊಡೆಯವರೆಗೆ ಕೆಸರು. ಬೆಳಿಗ್ಗೆ ಮರಳಿದ್ದ ಕಡೆ ಈಗ ನೀರು ಕುಡಿದ ಅಂಟು ಮಣ್ಣು, ಎತ್ತಿದ ಕಾಲು ಬರುತ್ತಿಲ್ಲ, ಊರಿದ ಕಾಲು ಇನ್ನೂ ಇಳಿಯುತ್ತಿದೆ. ಚಳಿ ಎದೆಯನ್ನು ಮುಷ್ಟಿಯಲ್ಲಿ ಹಿಡಿದಂತಾಯಿತು. ಮಗಳ ಹೆಸರು ಕೂಗಲು ಹೋದೆ. ಬರೀ ಗಾಳಿ ಬಂತು. ಸಲೀಮ ನನ್ನ ಕಂಕುಳಿಗೆ ಕೈಹಾಕಿ ಹಿಂದಕ್ಕೆ ಎಳೆದುಕೊಂಡ.

"ನೀನಲ್ಲ. ನೀನು ಭಾರ. ಅವನಂತೂ ಆಗೋದೇ ಇಲ್ಲ" ಎಂದರು ಆಪಾ. ಅಷ್ಟರಲ್ಲಿ ಅವರು ಚಹಾದ ಕೆಟಲು ಇಟ್ಟಿದ್ದ ಖಾಲಿ ಮಣೆಯನ್ನು ಬುಡಮೇಲು ಮಾಡಿದ್ದರು. ಕೆಟಲು ಉರುಳಿ ಹೋಯಿತು. ಒಂದು ಹಗ್ಗವನ್ನು ತಮ್ಮ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಗಂಟು ಹಾಕುವಾಗ ಅವರ ಬೆರಳುಗಳು ಎಷ್ಟು ನಡುಗುತ್ತಿದ್ದವೆಂದರೆ ಶಮೀಮ್ ಬಂದು ಬಿಗಿಯಬೇಕಾಯಿತು. ಶಮೀಮಳ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ಗಟ್ಟಿಯಾಗಿತ್ತು. ಆಪಾರ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು. ಅವರು ಇನ್ನೂ ನೀರಿಗೆ ಇಳಿದಿರಲಿಲ್ಲ.

"ಆಪಾ, ನಿಮಗೆ..." ಎಂದೆ.

"ನಂಗೆ ಭಯ ಆಗ್ತಿದೆ. ಅದನ್ನ ನೀನು ನೋಡಬೇಡ. ಹಗ್ಗ ನೋಡು. ನಾನು ಜಗ್ಗೋ ತನಕ ಎಳೀಬೇಡ. ಜೀವ ಹೋಗೋ ಹಾಗಾದ್ರೂ ಎಳೀಬೇಡ. ಮೊದಲೇ ಎಳೆದ್ರೆ ನನ್ನ ಕಾಲು ನೆಲ ಬಿಟ್ಟುಹೋಗುತ್ತೆ, ಆಮೇಲೆ ಅವಳ ಹತ್ರ ಯಾರೂ ಹೋಗಕ್ಕಾಗಲ್ಲ."

ಮಣೆಯನ್ನು ನೀರಿನ ಮೇಲೆ ತೇಲಿಸಿ, ಅದರ ಮೇಲೆ ಎದೆ ಊರಿ, ಆಫ್ರೀನಳ ಹಗ್ಗವನ್ನು ಒಂದು ಕೈಯಲ್ಲಿ ಸವರಿಕೊಳ್ಳುತ್ತ ಹೊರಟರು. ಬಿಸ್ಮಿಲ್ಲಾ ಎಂದದ್ದು ಕೇಳಿತು. ಆಮೇಲೆ ದುವಾ ಓದುವ ಗುಣುಗುಣು. ತಲೆಯ ಬಿಳಿ ವಸ್ತ್ರ ಸ್ವಲ್ಪ ಹೊತ್ತು ಕಂಡಿತು. ಮಂಜು ಅದನ್ನೂ ತೆಗೆದುಕೊಂಡಿತು. ಗುಣುಗುಣು ನಿಂತಿತು.

ಆ ಹೊತ್ತನ್ನು ನಾನು ಹೇಗೆ ಹೇಳಲಿ? ಕೈಯಲ್ಲಿ ಒಂದು ಹಗ್ಗ, ಅದು ಸತ್ತಂತೆ ಬಿದ್ದಿದೆ. ಮರದಲ್ಲಿ ಇನ್ನೊಂದು ಹಗ್ಗ, ಅದರ ಮಿಡಿತ ಈಗ ನಿಂತಿದೆ. ನಿಂತದ್ದು ಆಪಾ ತಲುಪಿದ್ದಕ್ಕೋ, ಮಗಳ ಕೈ ಸೋತದ್ದಕ್ಕೋ ಗೊತ್ತಿಲ್ಲ. ಎದುರಿಗೆ ಹಾಲಿನಂಥ ಗೋಡೆ. ಅದರ ಆಚೆ ನನ್ನ ಒಬ್ಬಳೇ ಮಗಳು, ಈಜು ಬಾರದ ಒಬ್ಬ ವಯಸ್ಸಾದ ಹೆಂಗಸು, ಏರುತ್ತಿರುವ ನೀರು. ನನ್ನ ತೋಳುಗಳು ತಾವಾಗಿಯೇ ಎಳೆಯಲು ಹೊರಟವು.

"ಎಳೀರಿ ನೀವು, ಇಷ್ಟು ಹೊತ್ತಾಯ್ತು" ಎಂದಳು ಶಮೀಮ್.

"ಬ್ಯಾಡ" ಎಂದ ಸಲೀಮ. ಅವನು ನನ್ನ ಎರಡೂ ಮಣಿಕಟ್ಟನ್ನು ಹಿಡಿದುಕೊಂಡಿದ್ದ. "ಆಪಾ ಬ್ಯಾಡಂದಾರ. ಎಳಿಬ್ಯಾಡ."

"ನಿನ್ನ ಮಗಳಾಗಿದ್ರೆ ಹಿಡ್ಕೊಂಡಿರ್ತಿದ್ಯಾ?" ಎಂದಳು ಶಮೀಮ್. ಅವನು ತಲೆ ತಗ್ಗಿಸಿದ, ಕೈ ಬಿಡಲಿಲ್ಲ.

ಹಗ್ಗದಲ್ಲಿ ಏನೋ ಸುಳಿದಂತಾಯಿತು. ನೀರಿನ ಸೆಳೆತವೋ ಅಂದುಕೊಂಡೆ. ಮತ್ತೆ ಸುಮ್ಮನಾಯಿತು. ಆಮೇಲೆ ಒಂದು ಜಗ್ಗು ಬಂತು, ಸ್ಪಷ್ಟವಾಗಿ, ಗಾಳಕ್ಕೆ ಮೀನು ಬಿದ್ದಂತೆ. ಇನ್ನೊಂದು.

ಮೂವರೂ ಎಳೆದೆವು. ಮೊದಲು ಮಂಜಿನಿಂದ ಮಣೆಯ ಮೂಲೆ ಬಂತು, ಆಪಾ ಹಗ್ಗವನ್ನು ಅದಕ್ಕೊಂದು ಸುತ್ತು ಸುತ್ತಿದ್ದರು. ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಎರಡೂ ಕೈಯಲ್ಲಿ ಪಟ್ಟಿ ಹಿಡಿದುಕೊಂಡಿದ್ದ ಆಫ್ರೀನ್ ಬಂದಳು. ಅವಳ ಹಿಂದೆ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ, ಕನ್ನಡಕವಿಲ್ಲದೆ, ಬಾಯಿ ತೆರೆದುಕೊಂಡು ಆಪಾ. ಏನೋ ಹೇಳುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ದಡಕ್ಕೆ ತಂದು, ಕಾರಿನಲ್ಲಿದ್ದ ಚಾಪೆ, ಶಾಲು, ನಮಾಜಿಗೆ ಹಾಸುವ ಜಾನಮಾಜು ಎಲ್ಲ ಹೊದಿಸಿದೆವು. ಆಫ್ರೀನ್ ಅವರ ತೋಳು ಬಿಡಲಿಲ್ಲ. ದಿಬ್ಬ ಮುಳುಗಿ, ಮಣೆಯ ಹಲಗೆಯ ಮೇಲೆ ನೀರು ಬಂದಿತ್ತಂತೆ. ಕೂಗಲು ಹೋದಳಂತೆ, ಬಾಯಿಂದ ಏನೂ ಬರಲಿಲ್ಲವಂತೆ. ಎದ್ದು ಓಡಿಬಿಡಬೇಕು ಅನ್ನಿಸಿತಂತೆ. ಎದ್ದಿದ್ದರೆ ನಾನು ಹೂತಂಥ ಮಣ್ಣಿಗೆ ಇಳಿಯುತ್ತಿದ್ದಳು. ಅವಳು ಕೂತೇ ಹಗ್ಗ ಜಗ್ಗಿದಳು, ಜಗ್ಗುತ್ತಲೇ ಇದ್ದಳು.

ಕಾರಿನ ಹೀಟರು ಹಾಕಿ ಕೂತು ಬಹಳ ಹೊತ್ತಾದ ಮೇಲೆ ಆಪಾಗೆ ದನಿ ಬಂತು. ಕೇಳಿದ ಮೊದಲ ಮಾತು:

"ಮಣೆ ಅಲ್ಲಾಡಿತಾ?"

"ನೋ, ಆಪಾ" ಎಂದಳು ಆಫ್ರೀನ್. "ಇಟ್ ಡಿಡಂಟ್ ಮೂವ್ ಅಟ್ ಆಲ್."

ಆಪಾ ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು. ಸಲೀಮನಿಗೆ ಒಂದು ಮಾತೂ ಅನ್ನಲಿಲ್ಲ. ಅವನು ದಾರಿಯುದ್ದಕ್ಕೂ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹುಳುಗಳನ್ನು ಅಲ್ಲೇ ಚೆಲ್ಲಿ, ಅಂಗಿಯ ಚುಂಗಿನಿಂದ ಒಳಗೆಲ್ಲ ಒರೆಸಿದ್ದ.

ನಾವು ಅಲ್ಲಿಗೆ ಮತ್ತೆ ಹೋಗಲಿಲ್ಲ ಎಂದುಕೊಂಡರೆ ತಪ್ಪು. ಹೋದೆವು. ಕರೆದದ್ದು ಆಪಾರೇ. ಈ ಸಲ ಮಣೆಗಳೆಲ್ಲ ಗಟ್ಟಿ ನೆಲದ ಮೇಲೆ, ಪ್ರತಿ ಹಗ್ಗಕ್ಕೆ ಎರಡೆರಡು ಡಬ್ಬಿ. ಎರಡನೆಯದನ್ನು ಕಟ್ಟುವುದು ಸಲೀಮನ ಕೆಲಸ. "ಇನ್ನೂ ಇದ್ದೀನ್ರೀ" ಎನ್ನುವುದನ್ನು ಅವನು ಬಿಟ್ಟುಬಿಟ್ಟ. ಸುಮ್ಮನೆ "ಇದ್ದೀನಿ" ಎನ್ನುತ್ತಿದ್ದ. ಆಪಾಗೆ ಮಾತ್ರ ಮೊದಲಿಗಿಂತ ಹೆಚ್ಚು ಭಯ. ಮಂಜು ಇಳಿಯತೊಡಗಿದರೆ ಎಲ್ಲರನ್ನೂ ಎಬ್ಬಿಸಿ ಕಾರಿಗೆ ಹತ್ತಿಸುತ್ತಿದ್ದರು. ನಾವು ನಗುತ್ತಿರಲಿಲ್ಲ. ಟ್ರೌಟ್ ಸಿಗಲೇ ಇಲ್ಲ.

ಕಾಲೇಜಿನಿಂದ ನಿವೃತ್ತರಾದ ಮೇಲೂ ಅವರು ಮೆಲಾಕಾದಲ್ಲೇ ಉಳಿದರು. ಆಫ್ರೀನ್ ಅದೇ ಕಾಲೇಜಿಗೆ ಡಾಕ್ಟರ್ ಓದಲು ಸೇರಿದಾಗ, ಹಾಸ್ಟೆಲ್ ಬೇಡ ಎಂದು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಕಿಟಕಿಯ ಸರಳು ಅಲ್ಲಾಡಿಸಿ ನೋಡಿ ಅವಳಿಗೆ ಕೋಣೆ ಕೊಟ್ಟರಂತೆ. ಒಂದು ಬೆಳಿಗ್ಗೆ ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡುತ್ತಿದ್ದವರು ಅಲ್ಲೇ ಕುಸಿದರು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಭಾಗ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಎಡಗೈ ಒಂದು ಆಡುತ್ತಿತ್ತು. ಕಣ್ಣುಗಳಲ್ಲಿ ಮಾತ್ರ ಹೆದರಿಕೆ ಇಡಿಯಾಗಿ ಉಳಿದಿತ್ತು. ಕೋಣೆಯಲ್ಲಿ ಯಾರೂ ಇಲ್ಲವೆಂದರೆ ಅದು ಉಕ್ಕುತ್ತಿತ್ತು.

ನಾನೂ ಶಮೀಮೂ ರಜೆ ಹಾಕಿ ಹೋದ ದಿನ ನೋಡಿದರೆ, ಆಫ್ರೀನ್ ಅವರ ಎಡ ಮಣಿಕಟ್ಟಿಗೆ ಮೆತ್ತನೆಯ ಬಟ್ಟೆ ಸುತ್ತಿ, ಅದರಿಂದ ಒಂದು ನೀಲಿ ಹಗ್ಗ ಎಳೆದು, ಬಾಗಿಲ ಮೇಲಿಂದ ಹಾಯಿಸಿ, ಹಜಾರದ ತನ್ನ ಓದುವ ಮೇಜಿನ ಹತ್ತಿರ ಮೈಲೋ ಡಬ್ಬಿ ತೂಗುಹಾಕಿದ್ದಳು. ಡಬ್ಬಿ ಸದ್ದಾದರೆ ಅವಳು ಪುಸ್ತಕದಿಂದ ತಲೆ ಎತ್ತದೆಯೇ ಕೂಗುತ್ತಿದ್ದಳು, "ಇದ್ದೀನಿ, ಆಪಾ." ಕೂಗಿ, ತನ್ನ ಕಡೆಯಿಂದ ಹಗ್ಗವನ್ನು ಒಮ್ಮೆ ಜಗ್ಗುತ್ತಿದ್ದಳು. ಆ ಕಡೆಯಿಂದ ಇನ್ನೊಂದು ಜಗ್ಗು ಬರುತ್ತಿತ್ತು. ಅಷ್ಟಾದರೆ ಕೋಣೆಯಲ್ಲಿ ಉಸಿರು ಶಾಂತವಾಗುತ್ತಿತ್ತು.

ಮೂರನೆಯ ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ನಾವೆಲ್ಲ ಹಜಾರದಲ್ಲಿ ಕೂತಿದ್ದೆವು. ಸಲೀಮನೂ ಕ್ಲಾಂಗಿನಿಂದ ಬಂದಿದ್ದ. ಡಬ್ಬಿ ಸಣ್ಣಗೆ ಸದ್ದಾಯಿತು. ಆಫ್ರೀನ್ "ಇದ್ದೀನಿ, ಆಪಾ" ಎಂದು ಹಗ್ಗ ಜಗ್ಗಿದಳು. ಆ ಕಡೆಯಿಂದ ಏನೂ ಬರಲಿಲ್ಲ. ಅವಳು ಪುಸ್ತಕ ಮುಚ್ಚಿಟ್ಟು, ಎರಡು ಬೆರಳು ಹಗ್ಗದ ಮೇಲಿಟ್ಟು, ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದಳು. ಆಮೇಲೆ ಎದ್ದು ಒಳಗೆ ಹೋದಳು.